ಎದುರು ಪುಟ

ಹುಳಿಯಕ್ಕ ಎಂಬ ಹೆಸರನ್ನು ಮೊದಲು ಇಟ್ಟವರು ಯಾರೆಂದು ಆಕೆಗೇ ನೆನಪಿಲ್ಲ. ಆದರೆ ಅದು ಸುಮ್ಮಸುಮ್ಮನೆ ಅಂಟಿಕೊಂಡ ಹೆಸರಲ್ಲ. ಔಷಧಿ ಅಂಗಡಿಯ ಪೊಟ್ಟಣವಿರಲಿ, ಮದುವೆಯ ಕರೆಯೋಲೆಯಿರಲಿ, ಕಾಗದ ಅಂತ ಒಂದು ಕೈಗೆ ಬಂದರೆ ಸಾಕು, ಚೀಲದಿಂದ ಹುಳಿ ಪರೀಕ್ಷೆ ಮಾಡುವ ಒಂದು ಪೆನ್ನು ತೆಗೆದು ಅದರ ಮೂಲೆಯಲ್ಲಿ ಗೆರೆ ಎಳೆದುಬಿಡುತ್ತಿದ್ದಳು. ಗೆರೆ ನೇರಳೆಯಾಗಿ ನಿಂತರೆ ಆ ಕಾಗದದಲ್ಲಿ ಸುಣ್ಣವಿದೆ, ಹಳದಿಗೆ ತಿರುಗಿದರೆ ಹುಳಿಯಿದೆ, ಅಂದರೆ ಕಾಗದವನ್ನು ತಿಂದುಹಾಕುವ ಆ್ಯಸಿಡ್. "ಹುಳಿ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಕಾಗದ ವಾಪಸು ಮಾಡುತ್ತಿದ್ದಳು. ನಾದಿನಿಯ ಮಗಳ ಮದುವೆ ಪತ್ರಿಕೆಗೆ ಹೀಗೇ ತೀರ್ಪು ಕೊಟ್ಟದ್ದಕ್ಕೆ ಆ ಮನೆಯವರು ಆರು ತಿಂಗಳು ಮಾತು ಬಿಟ್ಟಿದ್ದರು. "ನಾನು ಕಾಗದಕ್ಕೆ ಅಂದದ್ದು, ಸಂಬಂಧಕ್ಕಲ್ಲ" ಎಂದು ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ.

ಆಕೆಯ ಕೆಲಸವೇ ಅಂಥದ್ದು. ಮನೆಯ ಕೆಳಗಿನ ಕೋಣೆಯಲ್ಲಿ ಹಳೆಯ ಫೋಟೋ, ಹಳೆಯ ಆಲ್ಬಂ ರಿಪೇರಿ. ಮಹಡಿಯ ಮೇಲಿನ ಕೋಣೆಯಲ್ಲಿ ಪ್ಲಾಟಿನಂ, ಪಲ್ಲಾಡಿಯಂ ದ್ರಾವಣಗಳನ್ನು ಕಾಗದಕ್ಕೆ ಬ್ರಷ್ಷಿನಿಂದ ಬಳಿದು, ಬಿಸಿಲಿಗಿಟ್ಟು ಫೋಟೋ ಪ್ರಿಂಟು ಹಾಕುವ ಕೆಲಸ. ಈ ಪ್ರಿಂಟಿನಲ್ಲಿ ಚಿತ್ರ ಕಾಗದದ ಮೇಲೆ ಕೂತಿರುವುದಿಲ್ಲ, ಕಾಗದದ ನಾರಿನೊಳಗೇ ಲೋಹವಾಗಿ ಇಳಿದಿರುತ್ತದೆ. ಹಾಗಾಗಿ ಕಾಗದದ ಗುಣ ಕೆಟ್ಟರೆ ಎಲ್ಲವೂ ಕೆಟ್ಟಂತೆ. ತಮಾಷೆಯೇನೆಂದರೆ, ಪ್ರಿಂಟು ಹಾಕುವ ದಿನ ಕಾಗದದಲ್ಲಿ ತುಸು ಹುಳಿ ಇರಲೇಬೇಕು, ಅದೇ ಪ್ರಿಂಟನ್ನು ನೂರು ವರ್ಷ ಇಟ್ಟುಕೊಳ್ಳಬೇಕಾದರೆ ಅಕ್ಕಪಕ್ಕ ಎಲ್ಲೂ ಹುಳಿ ಇರಕೂಡದು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಔಷಧಿ ಬೆರೆಸಿ ನಿವೃತ್ತರಾಗಿ, ಈಗ ಹೆಂಡತಿಯ ದ್ರಾವಣಗಳನ್ನು ಹನಿ ಲೆಕ್ಕದಲ್ಲಿ ಬೆರೆಸಿಕೊಡುವ ಗಂಡ ಕಾಂಪೌಂಡರು ಬಂದವರಿಗೆಲ್ಲ ಹೇಳುತ್ತಿದ್ದದ್ದು ಇಷ್ಟೇ: "ನಮ್ಮವಳು ಬೆಳಿಗ್ಗೆ ಕೆಳಗೆ ಹುಳಿ ತೆಗೀತಾಳೆ, ಮಧ್ಯಾಹ್ನ ಮೇಲೆ ಹೋಗಿ ಹುಳಿ ಹಿಂಡ್ತಾಳೆ."

ಟೈಲರ್ ಮಾಸ್ತರು ಆಲ್ಬಂ ತಂದದ್ದು ಒಂದು ಸೋಮವಾರ. ಕೋಟಿನ ಒಳಗೆ ಹಾಕುವ ಅಸ್ತರ್ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿ, ತುದಿಗಳಿಗೆ ಗುಂಡುಸೂಜಿ ಚುಚ್ಚಿ ತಂದಿದ್ದರು. ಅರವತ್ಮೂರು ವಯಸ್ಸು, ಕೊರಳಲ್ಲಿ ಇಂಚುಪಟ್ಟಿ. ಅದನ್ನು ತೆಗೆದಿಟ್ಟು ಬರಬೇಕೆಂಬುದೇ ಮರೆತುಹೋಗಿತ್ತು.

"ನೋಡಿ ಮೇಡಂ, ಹರಿದ ಬಟ್ಟೆ ಆದರೆ ನಾನೇ ಸರಿಮಾಡ್ಕೋತಿದ್ದೆ. ಇದು ಮುಟ್ಟಿದ್ರೆ ಪುಡಿಪುಡಿ ಆಗ್ತಿದೆ," ಎಂದರು.

ಹುಳಿಯಕ್ಕ ಪುಟಗಳನ್ನು ಒಂದೊಂದಾಗಿ ತಿರುಗಿಸಿದಳು. ಹಾಳೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಅಂಚುಗಳು ಒಡೆಯುತ್ತಿದ್ದವು. ಫೋಟೋಗಳು ಮಾತ್ರ ನಿನ್ನೆ ತೆಗೆದಂತಿದ್ದವು. ಎಲ್ಲರೂ ಪ್ಲಾಟಿನಂ ಬಿಟ್ಟ ಮೇಲೂ ಹಟ ಹಿಡಿದು ಅದರಲ್ಲೇ ಪ್ರಿಂಟು ಹಾಕುತ್ತಿದ್ದ ಯಾವನೋ ಹಳೆಯ ಸ್ಟುಡಿಯೋದವನ ಕೈಕೆಲಸ. ಮೂರನೆಯ ಹಾಳೆಯಲ್ಲಿ ಮಾಸ್ತರ ಅಪ್ಪ, ಗುಂಡಿ ಬಿಗಿದ ಕೋಟಿನಲ್ಲಿ ಉಸಿರು ಹಿಡಿದು ಕೂತಿದ್ದರು. ಆ ಹಾಳೆ ಮಗುಚಿದರೆ ನಾಲ್ಕನೆಯದು ಖಾಲಿ. ಫೋಟೋ ಹಿಡಿದಿಡುವ ನಾಲ್ಕು ಕಾಗದದ ಮೂಲೆಗಳು ಮಾತ್ರ ಅಂಟಿಕೊಂಡಿದ್ದವು.

"ಅಲ್ಲಿ ನಮ್ಮಮ್ಮ ಇದ್ದಳಂತೆ," ಎಂದರು ಮಾಸ್ತರು.

ಕಥೆ ದೊಡ್ಡದೇನಲ್ಲ. ಮಾಸ್ತರಿಗೆ ಒಂಬತ್ತು ತಿಂಗಳಿದ್ದಾಗ ತಾಯಿ ತೀರಿಕೊಂಡಳು. ಎರಡು ವರ್ಷಕ್ಕೆ ಅಪ್ಪನ ಎರಡನೆಯ ಹೆಂಡತಿಯಾಗಿ ಚಿಕ್ಕಮ್ಮ ಮನೆಗೆ ಬಂದಳು. ಅವಳ ಮನಸ್ಸಿಗೆ ನೋವಾದೀತೆಂದು ಅಪ್ಪ ಆಲ್ಬಮ್ಮನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಚಿಕ್ಕಮ್ಮನ ಮನಸ್ಸಿಗೆ ನೋವಾದೀತೆಂದು ಮಗನೂ ಯಾವತ್ತೂ ಕೇಳಲಿಲ್ಲ.

"ಚಿಕ್ಕಮ್ಮ ನನ್ನ ಸಾಕಿದ್ದಲ್ಲ ಮೇಡಂ, ಮುದ್ದು ಮಾಡಿ ಹಾಳು ಮಾಡಿದ್ದು. ಅವಳ ಎದುರಿಗೆ ಇನ್ನೊಬ್ಬ ಅಮ್ಮನ್ನ ತೋರ್ಸಿ ಅಂತ ಹೇಗೆ ಕೇಳ್ಲಿ? ನನಗೆ ಮೂವತ್ತಾದಾಗ ಅಪ್ಪ ಹೋದ್ರು. ನೆಂಟರಿಗೆಲ್ಲ ಫೋನ್ ಮಾಡೋಕೆ ನಾನು ಪೇಟೆಗೆ ಹೋಗಿದ್ದೆ. ಅಷ್ಟರಲ್ಲಿ ನಮ್ಮಕ್ಕ ಪೆಟ್ಟಿಗೆ ತೆಗೆದು, ಅಮ್ಮನ ಫೋಟೋ ಅಪ್ಪನ ಅಂಗಿ ಜೇಬಿಗೆ ಇಟ್ಟುಬಿಟ್ಟಿದ್ಳು. ಜೊತೆಗೇ ಹೋಗ್ಲಿ ಅಂತ. ನಾನು ಎಂದೋ ನೋಡಿರ್ತೀನಿ ಅಂದ್ಕೊಂಡಿದ್ಳು ಪಾಪ."

"ನೀವು ನೋಡಿರಲಿಲ್ಲ."

"ಇಲ್ಲ. ಇದ್ದದ್ದೇ ಅದೊಂದು ಫೋಟೋ." ಮಾಸ್ತರು ಸುಮ್ಮನೆ ನಕ್ಕರು. "ಚಿಕ್ಕಮ್ಮ ಹೋಗಿ ಈಗ ನಾಲ್ಕು ತಿಂಗಳು. ಅವಳ ದಿಂಬಿನ ಚೀಲದಲ್ಲಿ ಪೆಟ್ಟಿಗೆ ಬೀಗದಕೈ ಸಿಕ್ತು. ಹೌದು ಮೇಡಂ, ನಿಮಗೆ ಇದೆಲ್ಲ ಗೊತ್ತಿರುತ್ತಲ್ಲ, ಅದಕ್ಕೆ ಕೇಳ್ತೀನಿ. ಅಷ್ಟು ವರ್ಷ ಫೋಟೋ ಕೂತಿದ್ದ ಜಾಗದಲ್ಲಿ ಏನಾದ್ರೂ ಉಳಿದಿರುತ್ತಾ?"

ಹುಳಿಯಕ್ಕ ಭೂತಗನ್ನಡಿ ಹಿಡಿದು ಆ ಖಾಲಿ ಪುಟವನ್ನು ಇಂಚಿಂಚೂ ನೋಡಿದಳು. ಏನೂ ಇರಲಿಲ್ಲ. "ಇಲ್ಲ ಮಾಸ್ತರೇ. ಕಾಗದ ಅಷ್ಟೆಲ್ಲ ನೆನಪಿಟ್ಟುಕೊಳ್ಳಲ್ಲ," ಎಂದಳು. ತಿಳಿದವರು ಮಾತಾಡುವ ಧಾಟಿಯಲ್ಲೇ ಅಂದಳು. ಆ ಧಾಟಿ ನೆನೆದರೆ ಆಕೆಗೆ ಈಗಲೂ ಮೈ ಉರಿಯುತ್ತದೆ.

"ಹೋಗ್ಲಿ ಬಿಡಿ. ಅಪ್ಪನಾದ್ರೂ ಉಳೀಲಿ," ಎಂದು ಮಾಸ್ತರು ಎದ್ದರು. ಬಾಗಿಲ ತನಕ ಹೋಗಿ ಮತ್ತೆ ಬಂದು, ಖಾಲಿ ಪುಟದ ಒಂದು ಮೂಲೆಯನ್ನು ಬೆರಳ ತುದಿಯಲ್ಲಿ ಒತ್ತಿ, ಅದು ಗಟ್ಟಿಯಾಗಿ ಅಂಟಿದೆಯೆಂದು ನೋಡಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಹುಳಿಯಕ್ಕ ಆಲ್ಬಂ ಬಿಚ್ಚಿದಳು. ಮೂರನೆಯ ಹಾಳೆಯಿಂದ ಅಪ್ಪನ ಫೋಟೋ ಬಿಡಿಸಿ ಬೇರೆ ಇಟ್ಟಳು. ಹಾಳೆಯ ಹಿಂಬದಿ, ಅಂದರೆ ಖಾಲಿ ಪುಟಕ್ಕೆ ಎದುರಾಗಿದ್ದ ಬದಿ, ಕೊಳಕು ಕಂದು ಕಲೆಗಳಿಂದ ತುಂಬಿತ್ತು. ಪೆನ್ನಿನ ಗೆರೆ ಎಳೆದರೆ ಎಳೆಯುತ್ತಿದ್ದಂತೆಯೇ ಹಳದಿ. "ಹುಳಿ," ಎಂದಳು, ಕೇಳುವವರು ಯಾರೂ ಇಲ್ಲದಿದ್ದರೂ. ಇಂಥ ಹಾಳೆಗೆ ಆಕೆಯ ಮದ್ದು ಒಂದೇ: ಒಂದು ಗಾಜಿನ ಮೇಲೆ ಮಲಗಿಸಿ, ದೊಡ್ಡ ಟ್ರೇಯಲ್ಲಿ ಓರೆಯಾಗಿ ಇಳಿಬಿಟ್ಟು ನೀರಿನಲ್ಲಿ ನೆನೆಸುವುದು, ಆಮೇಲೆ ತಿಳಿ ಸುಣ್ಣದ ನೀರು. ಹುಳಿಯೆಲ್ಲ ಬಿಟ್ಟು ನೀರು ಚಹಾದ ಬಣ್ಣಕ್ಕೆ ಬರುವುದನ್ನು ನೋಡುವುದೆಂದರೆ ಆಕೆಗೆ ಪರಮ ಸುಖ. ಕೆಲವರಿಗೆ ಕಿವಿ ಸ್ವಚ್ಛ ಮಾಡಿಕೊಳ್ಳುವುದರಲ್ಲಿ ಸುಖವಿರುತ್ತದೆ, ಹಾಗೆ.

ಹಾಳೆ ಪೂರ್ತಿ ಮುಳುಗುವಷ್ಟು ನೀರು ತುಂಬಿಸಿ ಚಹಾ ಕುಡಿಯಲು ಹೋದಳು. ಅಡುಗೆಮನೆಯಲ್ಲಿ ಕಾಂಪೌಂಡರ ಜೊತೆ ಯಾರೋ ಸಂಬಂಧಿಕರ ಮೇಲೆ ಮಾತು ಬಂತು, ಅರ್ಧ ಗಂಟೆ ಹೋಯಿತು. ಲೋಟ ಹಿಡಿದುಕೊಂಡೇ ವಾಪಸು ಬಂದವಳು ಬಾಗಿಲಲ್ಲಿ ನಿಂತುಬಿಟ್ಟಳು.

ಟ್ರೇಯ ಬೂಚು ಸಡಿಲವಾಗಿತ್ತು. ಅದನ್ನು ಸರಿಮಾಡಿ ಎಂದು ಒಂದು ತಿಂಗಳಿಂದ ಗಂಡನ ಬೆನ್ನು ಬಿದ್ದಿದ್ದಳು, ಅವರು ಇವತ್ತು ನಾಳೆ ಎನ್ನುತ್ತ ಕಾಲ ತಳ್ಳಿದ್ದರು. ನೀರು ಸೋರಿಸೋರಿ ಅರ್ಧಕ್ಕೆ ಇಳಿದಿತ್ತು. ಓರೆ ಗಾಜಿನ ಮೇಲಿನ ಹಾಳೆಯ ಮೇಲರ್ಧ ನೀರಿನಿಂದ ಹೊರಗೆ ಬಂದಿತ್ತು. ಒದ್ದೆಯಾಗಿ ಕಂದು ಬಣ್ಣ ಗಾಢವಾಗಿತ್ತು. ಹತ್ತಿರದಿಂದ ಕಲೆ ಅಂದುಕೊಂಡದ್ದು ಬಾಗಿಲಿನ ದೂರದಿಂದ ಕಲೆಯಾಗಿರಲಿಲ್ಲ. ಬಾಚಿದ ಕೂದಲು, ಬೈತಲೆ, ಹಣೆ, ಎರಡು ಹುಬ್ಬು, ಎರಡು ಕಣ್ಣು. ಒಬ್ಬಳು ಹೆಂಗಸು ನೀರಿನಿಂದ ಮೂಗಿನ ತನಕ ಮೇಲೆದ್ದು ಹುಳಿಯಕ್ಕನನ್ನೇ ನೋಡುತ್ತಿದ್ದಳು.

ನೀರಿನ ಕೆಳಗಿದ್ದ ಅರ್ಧ ಬೆಳ್ಳಗೆ ಸ್ವಚ್ಛವಾಗಿತ್ತು.

ಲೋಟ ಎಲ್ಲಿಟ್ಟಳೋ ಗೊತ್ತಿಲ್ಲ. ಗಾಜಿನ ಸಮೇತ ಹಾಳೆಯನ್ನು ಎತ್ತಿ ಒರಟು ಬಟ್ಟೆಯ ಮೇಲಿಟ್ಟಳು. ಮೂಗಿನ ಕೆಳಗೆ ಸರಿಯಾಗಿ ನೀರಿನ ಗೆರೆ. ಅದರ ಕೆಳಗೆ ಬಾಯಿಲ್ಲ, ಗಲ್ಲವಿಲ್ಲ, ಕುತ್ತಿಗೆಯಿಲ್ಲ. ಟ್ರೇಯ ತಳದಲ್ಲಿ ಉಳಿದಿದ್ದ ನೀರು ಚಂದದ ಚಹಾ ಬಣ್ಣಕ್ಕೆ ಬಂದಿತ್ತು. ಒಬ್ಬ ತಾಯಿಯ ಬಾಯಿ ಆ ನೀರಿನಲ್ಲಿ ಕರಗಿತ್ತು. ಅರವತ್ತು ವರ್ಷದಿಂದ ಒಬ್ಬ ಮನುಷ್ಯ ನೋಡಬೇಕೆಂದಿದ್ದ ಮುಖವನ್ನು ತಾನು ಅರ್ಧ ಗಂಟೆಯಲ್ಲಿ ಅರ್ಧ ತೊಳೆದುಹಾಕಿದ್ದಳು.

ಕೆಲಸ ಕಲಿಸಿದ ಮುದುಕ ಗುರುಗಳು ಎಂದೋ ಹೇಳಿದ್ದರು: ಪ್ಲಾಟಿನಂ ತಾನು ಕೆಡುವುದಿಲ್ಲ, ಒತ್ತಿಕೊಂಡು ಕೂತ ಪಕ್ಕದ ಕಾಗದವನ್ನು ಕೆಡಿಸುತ್ತದೆ. ಆ ಕಾಗದದಲ್ಲಿ ಹುಳಿ ಇದ್ದರಂತೂ ಕೇಳುವುದೇ ಬೇಡ. ಚಿತ್ರದಲ್ಲಿ ಲೋಹ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಎದುರಿನ ಹಾಳೆ ಹೆಚ್ಚು ಕಂದಾಗುತ್ತ ಹೋಗಿ, ಹತ್ತಾರು ವರ್ಷದಲ್ಲಿ ಅದರ ಮೇಲೂ ಚಿತ್ರದ ನೆರಳು ಮೂಡುತ್ತದೆ. ಗುರುಗಳಿಗೆ ಬಣ್ಣ ಕಟ್ಟಿ ಹೇಳುವ ಚಟವಿತ್ತು. ಇದೂ ಅಂಥದ್ದೇ ಇರಬೇಕು ಎಂದು ಆಕೆ ಅಂದು ಮನಸ್ಸಿನಲ್ಲೇ ಮೂಗು ಮುರಿದಿದ್ದಳು. ಖಾಲಿ ಪುಟದಲ್ಲಿ ಹುಡುಕಿದಳು, ಎದುರು ಪುಟದಲ್ಲಿ ಹುಡುಕಲಿಲ್ಲ. ಯಾವ ಹುಳಿಯನ್ನು ಜೀವನವಿಡೀ ಶತ್ರು ಎಂದು ತೊಳೆಯುತ್ತ ಬಂದಳೋ ಅದೇ ಹುಳಿ ಈ ಮುಖವನ್ನು ಕಾಪಾಡಿಕೊಂಡು ಬಂದಿತ್ತು.

ಕಾಂಪೌಂಡರು ಬಂದು ಹಾಳೆಯ ಮೇಲೆ ಬಗ್ಗಿ ನೋಡಿದರು. ಕೊನೆಗೆ, "ಮಾಸ್ತರಿಗೆ ಅರ್ಧ ಉಳಿದಿತ್ತು ಅಂತ ಹೇಳು. ಸುಳ್ಳಲ್ಲ ತಾನೆ?" ಎಂದರು.

"ಸುಳ್ಳಲ್ಲ. ಮೋಸ."

"ಇರ್ಲಿ. ಒಂದು ಮಾತು ನೆನಪಿಟ್ಕೋ, ನಾನು ಆ ಬೂಚು ಸರಿಮಾಡಿದ್ದಿದ್ರೆ ಕಣ್ಣೂ ಇರ್ತಿರಲಿಲ್ಲ. ಇನ್ನು ಮೇಲೆ ನನ್ನ ಸೋಮಾರಿತನಕ್ಕೆ ಸ್ವಲ್ಪ ಮರ್ಯಾದೆ ಕೊಡು."

ಆಕೆಗೆ ಅಳು ಬರುವುದರಲ್ಲಿತ್ತು, ಆದರೂ ನಗು ಬಂತು. ಆ ಮನುಷ್ಯನ ಇಂಥ ಮಾತಿಗೇ ಮೂವತ್ತೈದು ವರ್ಷ ಸಂಸಾರ ಸಾಗಿದ್ದು.

ಹಾಳೆ ಒಣಗಿದ ಮೇಲೆ ನೀಲಿ ಬೆಳಕಿನಲ್ಲಿಟ್ಟು ಕ್ಯಾಮೆರಾದಲ್ಲಿ ತೆಗೆದಳು. ನೀಲಿ ಬೆಳಕಿಗೆ ಕಂದು ಬಣ್ಣ ಕಪ್ಪಾಗಿ ಕಾಣುತ್ತದೆ. ಮಸುಕು ಮಸುಕಾಗಿದ್ದ ಕಣ್ಣುಗಳಿಗೆ ಜೀವ ಬಂತು. ಅದೇ ಅಳತೆಗೆ, ಮುಖ ಅಂಗೈಯಗಲ ಬರುವಂತೆ, ನೆಗೆಟಿವ್ ಮಾಡಿದಳು. ಮೇಲಿನ ಕೋಣೆಗೆ ಹೋಗಿ ಹೊಸ ಕಾಗದದ ಕಟ್ಟು ಬಿಚ್ಚಿ, ಕಾಂಪೌಂಡರು ಹನಿಹನಿಯಾಗಿ ಬೆರೆಸಿಕೊಟ್ಟ ದ್ರಾವಣ ಬಳಿದು, ಒಣಗಿಸಿ, ನೆಗೆಟಿವ್ ಇಟ್ಟು ಮಹಡಿಯ ಬಿಸಿಲಿಗೆ ಹಿಡಿದಳು. ಡೆವಲಪರ್ ಸುರಿದರೆ ಚಿತ್ರ ಒಂದೇ ಸಲಕ್ಕೆ ಎದ್ದು ಬರಬೇಕು. ಎದ್ದು ಬಂದದ್ದು ಒಂದು ಬೂದಿ ಮುಖ. ಕಪ್ಪು ಕಪ್ಪಾಗಿರಲಿಲ್ಲ, ಬಿಳಿ ಹಳದಿಯಾಗಿತ್ತು. ಕಾಮಾಲೆ ಹಿಡಿದಂತಿತ್ತು.

ಆತುರದಲ್ಲಿ ಕಾಗದಕ್ಕೆ ಪೆನ್ನು ಹಚ್ಚುವುದನ್ನೇ ಮರೆತಿದ್ದಳು. ಮದುವೆ ಪತ್ರಿಕೆಗೂ ಹಚ್ಚುವವಳು! ಈಗ ಹಚ್ಚಿದರೆ ದಟ್ಟ ನೇರಳೆ. ಕಾಗದ ಬಹುಕಾಲ ಬಾಳಲಿ ಎಂದು ಕಾರ್ಖಾನೆಯವರು ಈ ಸಲ ತಿರುಳಿಗೇ ಸುಣ್ಣ ಬೆರೆಸಿದ್ದರು. ಒಳ್ಳೆಯದಾಗಲಿ ಎಂದೇ ಮಾಡಿದ್ದು. ಆದರೆ ದ್ರಾವಣದಲ್ಲಿರುವ ಕಬ್ಬಿಣಕ್ಕೆ ಹುಳಿಯ ಆಸರೆ ಬೇಕು. ಸುಣ್ಣ ಆ ಹುಳಿಯನ್ನು ತಿಂದುಬಿಟ್ಟರೆ ಕಬ್ಬಿಣ ತುಕ್ಕಿನ ಹಳದಿಯಾಗಿ ಕಾಗದದಲ್ಲೇ ಕಚ್ಚಿಕೊಳ್ಳುತ್ತದೆ, ಪ್ಲಾಟಿನಂ ಸರಿಯಾಗಿ ಇಳಿಯುವುದಿಲ್ಲ. ಒಳ್ಳೆಯದು ಮಾಡಲು ಹೋಗಿ ಕೆಡಿಸುವವರಲ್ಲಿ ತಾನೊಬ್ಬಳೇ ಅಲ್ಲ ಎಂದು ಆಕೆಗೆ ತುಸು ಸಮಾಧಾನವೂ ಆಯಿತು.

ಆಕ್ಸಾಲಿಕ್ ಆ್ಯಸಿಡ್ಡನ್ನು ನೀರಿಗೆ ಬೆರೆಸಿ ಅದರಲ್ಲಿ ಕಾಗದ ಮುಳುಗಿಸಿದಳು. ಮುಳುಗಿಸಿದ್ದೇ ತಡ, ಮೈತುಂಬ ಸಣ್ಣ ಸಣ್ಣ ಗುಳ್ಳೆ ಎದ್ದವು. ಒಳಗಿನ ಸುಣ್ಣ ಗಾಳಿಯಾಗಿ ಬಿಟ್ಟುಹೋಗುತ್ತಿತ್ತು. ಗುಳ್ಳೆ ನಿಲ್ಲುವ ತನಕ ಕದಲದೆ ನಿಂತು ಕಾದಳು. ಈ ಸಲ ಚಹಾ ಕುಡಿಯಲು ಹೋಗಲಿಲ್ಲ. ನಾಲ್ಕು ಹಾಳೆ ಹೀಗೆ ಹುಳಿ ಉಣ್ಣಿಸಿ, ತೊಳೆದು, ಒಣಗಿಸಿ, ಮರುದಿನ ಪ್ರಿಂಟು ಹಾಕಿದಳು. ಕೂದಲು ಬೆಚ್ಚಗಿನ ಕಪ್ಪಾಗಿ ಬಂತು, ಹಣೆ ಬೆಳಗಿತು, ಕಣ್ಣು ನೋಡಿದವು. ಮೂಗಿನ ಕೆಳಗೆ ಬರಿಯ ಕಾಗದ. ಆ ಖಾಲಿಯ ಮೇಲೆ ಏನನ್ನೂ ಬರೆಯಲು, ತಿದ್ದಲು ಆಕೆ ಹೋಗಲಿಲ್ಲ.

ಶುಕ್ರವಾರ ಮಾಸ್ತರು ಬಂದರು. ಮುಖ ಗುರುತು ಹಿಡಿಯಬೇಕು, ನಿಮ್ಮಕ್ಕನನ್ನೂ ಕರೆತನ್ನಿ ಎಂದು ಫೋನಿನಲ್ಲಿ ಹೇಳಿದ್ದರಿಂದ ಜೊತೆಗೆ ಅಕ್ಕನೂ ಬಂದರು. ಎಪ್ಪತ್ನಾಲ್ಕು ವರ್ಷ, ತಮ್ಮನ ಅಂಗಡಿಯಲ್ಲೇ ಈಗಲೂ ಗುಂಡಿ ಹಚ್ಚುವ, ಗುಂಡಿಯ ತೂತಿಗೆ ಕಾಜಾ ಹೊಲಿಯುವ ಕೈ. ಬೇರೆಯವರು ಅಕ್ಕ ಎಂದು ಹೇಳಿ ಹೇಳಿ ಊರಿಗೆಲ್ಲ ದೊಡ್ಡಕ್ಕ ಆಗಿದ್ದರು.

ಹುಳಿಯಕ್ಕ ಪ್ರಿಂಟು ತೋರಿಸುವ ಮೊದಲೇ ನಡೆದದ್ದನ್ನು ಹೇಳಿದಳು. ಯಾವುದನ್ನೂ ಮುಚ್ಚಿಡಲಿಲ್ಲ. "ಪೂರ್ತಿ ಮುಖ ಇತ್ತು ಮಾಸ್ತರೇ. ನಾನು ನೋಡದೆ ತೊಳೆದೆ. ಅರ್ಧ ಹೋಯ್ತು. ಏನು ಬೇಕಾದ್ರೂ ಅನ್ನಿ," ಎಂದು ಕೈ ಕಟ್ಟಿ ನಿಂತಳು.

ಮಾಸ್ತರಿಗೆ ಆಕೆಯ ಮಾತು ಅರ್ಧವೂ ಕೇಳಿಸಿರಲಿಲ್ಲ ಅನ್ನಿಸುತ್ತದೆ. ಕಣ್ಣೆಲ್ಲ ಮೇಜಿನ ಮೇಲೆ ಮಗುಚಿಟ್ಟಿದ್ದ ಪ್ರಿಂಟಿನ ಮೇಲೇ ಇತ್ತು. ತಿರುಗಿಸಿ ಕೊಟ್ಟಾಗ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಅಕ್ಕಾ..." ಎಂದು ಅಕ್ಕನತ್ತ ಚಾಚಿದರು.

ದೊಡ್ಡಕ್ಕ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ಕೆಳಗಿಟ್ಟರು.

"ಇದು ಅಮ್ಮ ಅಲ್ಲ ಕಣೋ."

"ಸರಿಯಾಗಿ ನೋಡಕ್ಕಾ."

"ನೋಡ್ದೆ. ಯಾರೋ ಅಮ್ಮನ ಹಾಗಿದ್ದಾರೆ. ಅಮ್ಮ ಬೈತಲೆ ಈ ಕಡೆ ತೆಗೀತಿರಲಿಲ್ಲ. ಅಮ್ಮನ ಎಡಗಣ್ಣು ಒಂಚೂರು ಚಿಕ್ಕದು, ಇವರದು ಬಲಗಣ್ಣು. ನಿನಗೆ ಸಮಾಧಾನ ಆಗ್ಲಿ ಅಂತ ಹೌದು ಅಂದುಬಿಡ್ಬಹುದು. ಆದರೆ ಯಾರನ್ನೋ ತೋರ್ಸಿ ಅಮ್ಮ ಅಂತ ಹೇಗೆ ಹೇಳ್ಲಿ?"

ಮಾಸ್ತರ ಮುಖ ನೋಡಲಾಗುತ್ತಿರಲಿಲ್ಲ. ಆದರೂ ದೊಡ್ಡ ಮನುಷ್ಯ. ಇಂಚುಪಟ್ಟಿಯನ್ನು ಕೊರಳಲ್ಲಿ ಸರಿಮಾಡಿಕೊಂಡು, "ಪಾಪ, ನೀವು ಇಷ್ಟು ಕಷ್ಟ ಪಟ್ರಲ್ಲ ಮೇಡಂ. ಅಪ್ಪನ ನೆಂಟರು ಯಾರೋ ಇರ್ಬೇಕು. ಇರ್ಲಿ," ಎಂದು ಅಕ್ಕನ ಕೈ ಹಿಡಿದುಕೊಂಡು ಮುಂಬಾಗಿಲ ಮೆಟ್ಟಿಲಿಳಿದರು. ತಾಯಿಯನ್ನು ಒಂದು ನಿಮಿಷ ಕೈಯಲ್ಲಿ ಹಿಡಿದು ಕಳೆದುಕೊಂಡವರ ಹೆಜ್ಜೆ ಅದು. ಹುಳಿಯಕ್ಕ ಕಿಟಕಿಯಿಂದ ನೋಡುತ್ತ ನಿಂತಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಇನ್ನು ಈ ಆಲ್ಬಂ ಸಹವಾಸವೇ ಸಾಕು ಎಂದು ಹಾಳೆಗಳನ್ನು ಜೋಡಿಸಿಡಲು ಕೂತಳು. ಮೂರನೆಯ ಹಾಳೆಯನ್ನು ಮೊದಲಿದ್ದಂತೆ ನಾಲ್ಕನೆಯದರ ಮೇಲೆ ಮಗುಚಿ ಹಾಕಿದಳು. ಕಂದು ಮುಖ ಹೋಗಿ ಖಾಲಿ ಪುಟದ ನಾಲ್ಕು ಮೂಲೆಗಳ ನಡುವೆ ಸರಿಯಾಗಿ ಕೂತಿತು. ಎತ್ತಿದಳು, ಮತ್ತೆ ಮಗುಚಿದಳು. ಮುಖಕ್ಕೆ ಮುಖ ಒತ್ತಿಕೊಂಡು ನಲವತ್ತು ವರ್ಷ.

"ರೀ!" ಎಂದು ಕೂಗಿದ ಕೂಗಿಗೆ ಕಾಂಪೌಂಡರು ಕೈಯಲ್ಲಿ ತಟ್ಟೆ ಹಿಡಿದೇ ಓಡಿ ಬಂದರು. "ಎದುರುಬದುರು ಕೂತವರ ಬಲಗೈ ನಮ್ಮ ಎಡಗೈ ಎದುರಿಗೆ ಬರುತ್ತಲ್ರೀ! ಇದು ಅಮ್ಮನ ಅಚ್ಚು! ಅಚ್ಚು ಯಾವತ್ತಿದ್ರೂ ತಿರುಗುಮುರುಗು! ಮೂವತ್ತು ವರ್ಷದಿಂದ ನೆಗೆಟಿವ್ ಹಿಂದುಮುಂದು ಮಾಡ್ತಿರೋಳಿಗೆ ಇಷ್ಟು ಹೊಳೀಲಿಲ್ಲವಲ್ಲ!"

"ಈಗ ಹೊಳೀತಲ್ಲ. ಹನಿ ಎಷ್ಟು ಬೇಕು ಹೇಳು," ಎಂದು ಅವರು ತಟ್ಟೆ ಬದಿಗಿಟ್ಟರು.

ಹುಳಿ ಉಣ್ಣಿಸಿದ ಹಾಳೆ ಇನ್ನೂ ಮೂರು ಉಳಿದಿದ್ದವು. ನೆಗೆಟಿವ್ ಮಗುಚಿ ಹಾಕಿದಳು, ಅಷ್ಟೇ. ಮಧ್ಯಾಹ್ನದ ಬಿಸಿಲು ಇಳಿಯುವುದರೊಳಗೆ ಪ್ರಿಂಟು ಸಿದ್ಧವಾಯಿತು. ಬೈತಲೆ ಆ ಬದಿಗೆ ಹೋಯಿತು, ಎಡಗಣ್ಣು ಒಂಚೂರು ಚಿಕ್ಕದಾಯಿತು. ಅದೇ ಮುಖ, ಆದರೆ ಈಗ ಯಾರೋ ಒಬ್ಬಳಲ್ಲ ಎಂದು ಆಕೆಗೇ ಅನಿಸಿತು.

ಮರುದಿನ ಬೆಳಿಗ್ಗೆ ಪ್ರಿಂಟನ್ನು ಎರಡು ರಟ್ಟಿನ ನಡುವೆ ಇಟ್ಟುಕೊಂಡು ಟೈಲರ್ ಅಂಗಡಿಗೆ ತಾನೇ ಹೋದಳು. ಉದ್ದನೆಯ ಕಿರಿದಾದ ಅಂಗಡಿ. ಎರಡು ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ. ಮಾಸ್ತರು ಪ್ಯಾಂಟೊಂದರ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ದೊಡ್ಡಕ್ಕ ಬಾಗಿಲ ಬೆಳಕಿಗೆ ಕೂತು ಕಾಜಾ ಹೊಲಿಯುತ್ತಿದ್ದರು. ಹುಳಿಯಕ್ಕ ಮಾಸ್ತರ ಕಡೆ ಹೋಗದೆ ನೇರವಾಗಿ ದೊಡ್ಡಕ್ಕನ ಎದುರು ಕುಕ್ಕರಗಾಲಲ್ಲಿ ಕೂತಳು.

"ನಿನ್ನೆ ನಾನು ತಿರುಗುಮುರುಗು ತೋರ್ಸಿದ್ದೆ. ಒಂದ್ಸಲ ಇದನ್ನ ನೋಡಿ."

ರಟ್ಟು ತೆಗೆದಳು. ದೊಡ್ಡಕ್ಕನ ಕೈಯ ಸೂಜಿ ಬಟ್ಟೆಯಲ್ಲೇ ನಿಂತಿತು. ಈ ಸಲ ಅವರು ಕನ್ನಡಕ ಒರೆಸಲಿಲ್ಲ, ದೂರ ಹತ್ತಿರ ಹಿಡಿಯಲಿಲ್ಲ.

"ಎಲ್ಲಿ ಹೋಗಿದ್ದೆ ಇಷ್ಟು ದಿನ?" ಎಂದರು. ಕೇಳಿದ್ದು ಫೋಟೋವನ್ನು. ಹನ್ನೊಂದು ವರ್ಷದ ಹುಡುಗಿಯ ದನಿಯಲ್ಲಿ ಕೇಳಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು. "ನಾನೇ ಕಳಿಸ್ಬಿಟ್ಟೆ ಕಣೋ. ನೀನು ನೋಡಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಿನ್ನ ಕಣ್ಣೆದುರು ಬರೋಕೇ ಸಂಕಟ ಆಗ್ತಿತ್ತು."

ಮಾಸ್ತರು ಸೀಮೆಸುಣ್ಣ ಹಿಡಿದೇ ಬಂದು ಅಕ್ಕನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಪ್ರಿಂಟು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಬಹಳ ಹೊತ್ತು ನೋಡಿದರು. ಹೊರಗೆ ಯಾರೋ ಗಿರಾಕಿ ಬಂದು, ಮಾಸ್ತರು ನೆಲದ ಮೇಲೆ ಕೂತಿರುವುದು ನೋಡಿ, ಆಮೇಲೆ ಬರುತ್ತೇನೆಂದು ಹೊರಟುಹೋದ.

"ಕೆಳಗಿನ ಅರ್ಧ..." ಎಂದು ಹುಳಿಯಕ್ಕ ಶುರುಮಾಡಿದಳು. "ಅದಕ್ಕೆ ನಾನೇ ಹೊಣೆ ಮಾಸ್ತರೇ. ಅದು ಇನ್ನು ಎಲ್ಲೂ ಸಿಗಲ್ಲ."

"ಎಲ್ಲೂ ಸಿಗಲ್ವಾ?" ದೊಡ್ಡಕ್ಕ ಕಣ್ಣೊರೆಸಿಕೊಂಡು ಹುಳಿಯಕ್ಕನನ್ನೂ ತಮ್ಮನನ್ನೂ ನೋಡಿದರು. "ಏಳೋ ಮೇಲೆ. ಬಾ ಇಲ್ಲಿ."

ಪ್ರಿಂಟು ಕಿತ್ತುಕೊಂಡು ಕನ್ನಡಿಯ ಹತ್ತಿರ ಹೋದರು. ನೀರಿನ ಗೆರೆ ಇದ್ದಲ್ಲಿಗೆ ಸರಿಯಾಗಿ, ಕೆಳಗಿನ ಖಾಲಿ ಕಾಗದವನ್ನು ಹಿಂದಕ್ಕೆ ಮಡಿಸಿದರು. ಅಷ್ಟು ಕಷ್ಟಪಟ್ಟ ಪ್ರಿಂಟಿಗೆ ಮಡಿಕೆ ಬಿದ್ದದ್ದು ಕಂಡು ಹುಳಿಯಕ್ಕ ಬಾಯಿ ತೆರೆದಳು, ಮತ್ತೆ ನಾಲಿಗೆ ಕಚ್ಚಿಕೊಂಡಳು. ದೊಡ್ಡಕ್ಕ ಆ ಅರ್ಧ ಮುಖವನ್ನು ಕನ್ನಡಿಯ ಗಾಜಿಗೆ ಒತ್ತಿ ಹಿಡಿದರು.

"ನೇರ ನಿಂತ್ಕೋ. ಒಂದು ಹೆಜ್ಜೆ ಹಿಂದೆ. ಈಗ ಸ್ವಲ್ಪ ಬಗ್ಗು. ನಿನ್ನ ಕಣ್ಣು ಅಮ್ಮನ ಕಣ್ಣಿನ ಹಿಂದೆ ಹೋಗ್ಬೇಕು. ಬಾಯಿ ಗಲ್ಲ ಮಾತ್ರ ಕೆಳಗೆ ಕಾಣ್ಬೇಕು. ಕಾಣ್ತಾ?"

ಊರಿನವರನ್ನೆಲ್ಲ ಆ ಕನ್ನಡಿಯ ಮುಂದೆ ನಿಲ್ಲಿಸಿ, ತಿರುಗಿ, ಬಗ್ಗಿ, ಕೈ ಎತ್ತಿ ಎಂದು ಹೇಳುತ್ತ ಬಂದ ಮಾಸ್ತರು ಈಗ ಅಕ್ಕ ಹೇಳಿದಂತೆ ಬಗ್ಗಿದರು, ಎದ್ದರು, ಒಂಚೂರು ಎಡಕ್ಕೆ ಸರಿದರು. ಒಂದು ಕಡೆ ಬಂದು ನಿಂತುಬಿಟ್ಟರು. ಹುಳಿಯಕ್ಕನಿಗೂ ದೊಡ್ಡಕ್ಕನಿಗೂ ತಾವು ನಿಂತ ಜಾಗದಿಂದ ಮುಖ ಕೂಡುವುದು ಕಾಣುತ್ತಿರಲಿಲ್ಲ. ಅದು ಮಾಸ್ತರು ನಿಂತಲ್ಲಿಂದ ಮಾತ್ರ ಕಾಣುವಂಥದ್ದು.

"ಸುಮ್ನೆ ನಿನಗೆ ಸಮಾಧಾನ ಹೇಳ್ತಿಲ್ಲ. ಬಾಯಿ, ಗಲ್ಲ, ಗಲ್ಲದ ಆ ಗುಳಿ, ಎಲ್ಲ ಹಾಗೇ ಎತ್ತಿಟ್ಟ ಹಾಗೆ ಅವಳದ್ದೇ," ಎಂದರು ದೊಡ್ಡಕ್ಕ. ಎತ್ತಿ ಹಿಡಿದ ಕೈ ನಡುಗುತ್ತಿತ್ತು.

"ಅಕ್ಕಾ, ಕೈ ಅಲ್ಲಾಡಿಸ್ಬೇಡ. ಅಮ್ಮನಿಗೆ ತಲೆ ಸುತ್ತುತ್ತೆ," ಎಂದರು ಮಾಸ್ತರು.

ದೊಡ್ಡಕ್ಕ ಅಳುತ್ತಿದ್ದವರು ಕಿಸಕ್ಕನೆ ನಕ್ಕುಬಿಟ್ಟರು. ಅಕ್ಕ ನಕ್ಕದ್ದಕ್ಕೆ ಮಾಸ್ತರಿಗೂ ನಗು ತಡೆಯಲಾಗಲಿಲ್ಲ. ನಗುತ್ತಿದ್ದವರು ಥಟ್ಟನೆ ಸುಮ್ಮನಾದರು. ಕನ್ನಡಿಯಿಂದ ಕಣ್ಣು ಕೀಳದೆ, ಒಂದು ಕೂದಲೆಳೆಯಷ್ಟೂ ಕದಲದೆ, ಅಕ್ಕನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಈಗ ನಕ್ಕಳು."